ಬಸದಿಯ ಕತ್ತಲೆಯೂ ದಾಖಲೆಯೇ

ಪಂಚಕಲ್ಯಾಣ, ಮಸ್ತಕಾಭಿಷೇಕಗಳ ಸ್ಮರಣ ಸಂಚಿಕೆಗಳು ಈಗ ಮಂಗಳೂರಿನ ಮುದ್ರಣಾಲಯಗಳಿಂದ ಬಹು ಅಂದವಾಗಿ ಹೊರಬರುತ್ತಿವೆ. ಕಾಗದ ನುಣುಪಾಗಿದೆ, ಬಣ್ಣ ಉಜ್ವಲವಾಗಿದೆ. ಆದರೆ ಚಿತ್ರಪುಟಗಳನ್ನು ನಿಧಾನವಾಗಿ ತಿರುವುವವರಿಗೆ ಒಂದು ಸಂದೇಹ ಮೂಡದಿರದು. ಬೇರೆ ಬೇರೆ ಊರಿನ, ಬೇರೆ ಬೇರೆ ಶತಮಾನದ ಬಸದಿಗಳಲ್ಲಿ ಒಂದೇ ಬಗೆಯ ಬೆಳಕು ಬಂದುದು ಹೇಗೆ? ಕರಿಶಿಲೆಯ ಬಿಂಬ ಬೂದಿಬಣ್ಣಕ್ಕೆ ತಿರುಗಿದೆ. ಅಮೃತಶಿಲೆಯ ಬಿಂಬವೂ ಮಂಕಾಗಿ ಅದೇ ಬೂದಿಯ ಕಡೆಗೆ ಸರಿದಿದೆ.

ಇದಕ್ಕೆ ಕಾರಣವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಕ್ಯಾಮರಾದ ಬೆಳಕುಮಾಪಕವು ತನ್ನೆದುರಿನ ದೃಶ್ಯವನ್ನು ಸರಾಸರಿ ಬೂದಿಬಣ್ಣದ್ದೆಂದು, ಎಂದರೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 18ರಷ್ಟನ್ನು ಮರಳಿಸುವಂಥದೆಂದು ಭಾವಿಸಿಕೊಂಡು ಲೆಕ್ಕ ಹಾಕುತ್ತದೆ. ತರುವಾಯ ಚಿತ್ರವು ಗಣಕಯಂತ್ರಕ್ಕೆ ಬಂದಾಗ ‘ಆಟೋ’ ಎಂಬ ಒಂದು ಗುಂಡಿಯನ್ನು ಒತ್ತಲಾಗುತ್ತದೆ. ತಂತ್ರಾಂಶವು ಕತ್ತಲೆ ಬೆಳಕುಗಳ ಹಂಚಿಕೆಯನ್ನು ಅಳೆದು, ಕಪ್ಪನ್ನು ಒಂದು ತುದಿಗೂ ಬಿಳುಪನ್ನು ಇನ್ನೊಂದು ತುದಿಗೂ ಎಳೆದು, ನಡುವಿನದನ್ನು ಮೇಲಕ್ಕೆತ್ತುತ್ತದೆ. ಲೈಟ್‌ರೂಮ್ ತಂತ್ರಾಂಶದಲ್ಲಿ 2017ರ ಡಿಸೆಂಬರಿನಿಂದ, ವೃತ್ತಿನಿರತರು ತಿದ್ದಿದ ಸಾವಿರಾರು ಚಿತ್ರಗಳಿಂದ ಕಲಿತ ಯಂತ್ರವೇ ಈ ತೀರ್ಮಾನ ಮಾಡುತ್ತದೆ. ಅದು ಕೊಡುವುದು ಹಲವರ ಅಭಿರುಚಿಯ ಸಾರವನ್ನೇ ಹೊರತು ನಾವು ಕಂಡ ಗರ್ಭಗೃಹವನ್ನಲ್ಲ. ಕತ್ತಲೆಯು ಛಾಯಾಗ್ರಾಹಕನ ದೋಷವೋ ಸ್ಥಳದ ಸ್ವಭಾವವೋ ಎಂಬ ವಿವೇಕ ಅದಕ್ಕಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೇ ತೆಗೆದುಕೊಳ್ಳೋಣ. 1430ರ ಈ ತ್ರಿಭುವನತಿಲಕ ಚೂಡಾಮಣಿ ಬಸದಿಯಲ್ಲಿ ಮಂಟಪದಿಂದ ಮಂಟಪಕ್ಕೆ ಒಳಸಾಗಿದಂತೆ ಬೆಳಕು ಕ್ರಮವಾಗಿ ತಗ್ಗುತ್ತದೆ. ಕೊನೆಗೆ ಪಂಚಲೋಹದ ಚಂದ್ರನಾಥ ಸ್ವಾಮಿಯ ಬಿಂಬವು ದೀಪದ ಬೆಳಕಿನಲ್ಲಿ ಗೋಚರಿಸುತ್ತದೆ. ಹೊರಗಿನಿಂದ ಬಂದ ಕಣ್ಣು ಶಾಂತವಾಗುವುದಕ್ಕೆ ಆ ತಗ್ಗುವಿಕೆಯೇ ಸಾಧನ. ‘ಆಟೋ’ ತಿದ್ದುಪಡಿಯು ಈ ಕ್ರಮವನ್ನೇ ಅಳಿಸುತ್ತದೆ. ಕತ್ತಲೆಯನ್ನು ಬಲವಂತದಿಂದ ಎತ್ತಿದಲ್ಲಿ ಬಣ್ಣದ ಕಣಗಳು ಏಳುತ್ತವೆ. ದೀಪದ ಜ್ವಾಲೆ ಬರಿಯ ಬಿಳಿಯ ಕಲೆಯಾಗುತ್ತದೆ. ನೆರಳಿನಿಂದಲೇ ಆಳ ತೋರುವ ಕಂಬದ ಕೆತ್ತನೆ ಚಪ್ಪಟೆಯಾಗುತ್ತದೆ.

ಹಾಗೆಂದು ತಿದ್ದುಪಡಿಯೆಲ್ಲ ತ್ಯಾಜ್ಯವೆನ್ನುವುದು ಏಕಾಂತವಾದವಾದೀತು. ಕಾರ್ಕಳದ 1432ರ, ವೇಣೂರಿನ 1604ರ ಬಾಹುಬಲಿ ಮೂರ್ತಿಗಳು ಬಯಲಿನಲ್ಲಿ ನಿಂತಿವೆ. ಮಳೆಗಾಲದ ಬಿಳಿಯ ಆಕಾಶವನ್ನು ಹಿನ್ನೆಲೆಯಾಗಿಟ್ಟು ಚಿತ್ರ ತೆಗೆದರೆ ಯಂತ್ರವು ಆಕಾಶಕ್ಕೆ ಮಣಿದು ಸ್ವಾಮಿಯ ಮುಖವನ್ನು ಕಪ್ಪಾಗಿಸುತ್ತದೆ. ಅಲ್ಲಿ ಮುಖವನ್ನು ಬೆಳಗಿಸುವುದು ಕಂಡುದಕ್ಕೆ ಹತ್ತಿರ ಬರುವ ಪ್ರಯತ್ನ. ಮೂಡುಬಿದಿರೆಯ ಧವಲಾದಿ ಸಿದ್ಧಾಂತ ಗ್ರಂಥಗಳಂತಹ ತಾಡವಾಲೆಗಳ ಚಿತ್ರಗಳಲ್ಲಿಯೂ ಕಪ್ಪು ಬಿಳುಪಿನ ಅಂತರವನ್ನು ಹೆಚ್ಚಿಸಿದರೆ ಮಾಸಿದ ಅಕ್ಷರ ಓದಲು ಸಿಕ್ಕಬಹುದು. ಆದರೆ ಗ್ರಂಥಸಂಪಾದಕನು ಓಲೆ ಮುರಿದೆಡೆಯಲ್ಲಿ ‘ತ್ರುಟಿತ’ವೆಂದು ಗುರುತಿಸುತ್ತಾನೆ, ತಾನು ಊಹಿಸಿದ್ದನ್ನು ಊಹೆಯೆಂದೇ ತಿಳಿಸುತ್ತಾನೆ. ಚಿತ್ರ ತಿದ್ದುವವನಿಗೆ ಈ ನಿಯಮವೇಕೆ ಬೇಡ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ, ಒಂದು. ‘ಆಟೋ’ ಗುಂಡಿ ಒತ್ತುವವನಲ್ಲಿ ವಂಚನೆಯ ಭಾವವಿಲ್ಲ. ಆದುದರಿಂದ ಆತನನ್ನು ಕೂಟಲೇಖಕನೆನ್ನಲಾಗದು. ಆದರೆ ಅದೇ ಪಟ್ಟಿಯಲ್ಲಿರುವ ನ್ಯಾಸಾಪಹಾರವು ನಮ್ಮನ್ನು ಹೆಚ್ಚು ಕಾಡಬೇಕು. ಒತ್ತೆಯಿಟ್ಟವನು ತಾನು ಇಟ್ಟುದೆಷ್ಟೆಂಬುದನ್ನು ಮರೆತು ಕಡಿಮೆ ಕೇಳಿದಾಗ, ‘ಅಷ್ಟೇ’ ಎಂದು ಅಷ್ಟನ್ನೇ ಮರಳಿಸುವುದು ಅದರ ಅರ್ಥ. ಟ್ರಸ್ಟಿಗೆ ನಾವು ನ್ಯಾಸವೆಂದೇ ಹೆಸರಿಟ್ಟಿಲ್ಲವೆ? ಮೂಲ ಚಿತ್ರದ ಮೇಲೆಯೇ ತಿದ್ದಿದ್ದನ್ನು ಉಳಿಸಿಬಿಟ್ಟರೆ, ಶುದ್ಧ ಬಿಳಿಯಾಗಿ ಹೋದ ಭಾಗದ ವಿವರ ಮತ್ತೆ ಬಾರದು. ನಾಳೆ ಶಿಲೆಯ ಬಿರುಕನ್ನೋ ಲೇಪದ ಬದಲಾವಣೆಯನ್ನೋ ಹಳೆಯ ಚಿತ್ರದೊಡನೆ ಹೋಲಿಸಬೇಕಾಗಿ ಬಂದಾಗ ಮಕ್ಕಳ ಕೈಗೆ ನಾವು ಕೊಡುವುದು ಕಡಿಮೆಯಾದ ಒತ್ತೆಯನ್ನೇ. ಕೇಳುವವರಿಗೆ ಮೂಲ ಎಷ್ಟಿತ್ತೆಂಬುದೂ ತಿಳಿದಿರುವುದಿಲ್ಲ.

ಬಸದಿಗಳ ಮೊಕ್ತೇಸರರು ಮಾಡಬೇಕಾದುದು ಹೆಚ್ಚೇನಿಲ್ಲ. ಮೂಲ ಕಡತವನ್ನು ಛಾಯಾಗ್ರಾಹಕರಿಂದ ಕೇಳಿ ಪಡೆದು, ದಿನಾಂಕ ಬರೆದು, ಎರಡು ಕಡೆ ಕಾಪಿಡಲಿ. ತಿದ್ದುಪಡಿ ಪ್ರತಿಯ ಮೇಲೆ ಮಾತ್ರ ನಡೆಯಲಿ. ಅಚ್ಚಿಗೆ ಕೊಡುವ ಮೊದಲು ದಿನವೂ ಬಿಂಬವನ್ನು ಕಾಣುವ ಇಂದ್ರರಿಗೊಮ್ಮೆ ಚಿತ್ರವನ್ನು ತೋರಿಸಲಿ. ಬಹಳವಾಗಿ ತಿದ್ದಿದ್ದರೆ ಚಿತ್ರದ ಕೆಳಗೆ ಒಂದು ಸಾಲು ಬರೆಯಲಿ. ಇದಕ್ಕೆ ಹಣ ಬೇಕಾಗಿಲ್ಲ, ಅಪ್ರಮಾದ ಬೇಕು. ಹಿರಿಯರು ಅಷ್ಟು ಬೆಳಕು ಸಾಕೆಂದು ಕಟ್ಟಿದ ಗರ್ಭಗೃಹಕ್ಕೆ ನಾವು ಚಿತ್ರದಲ್ಲಿಯೂ ಹೆಚ್ಚಿನ ಬೆಳಕು ತುಂಬುವ ಅಗತ್ಯವಿಲ್ಲ.