ಹಡಗಿನಿಂದ ಕಂಡ ಮಂಗಳೂರು

ಪ್ರವಾಸಕಥನವನ್ನು ಓದುವಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಪ್ರವಾಸಿಯ ಗಂಟುಮೂಟೆ ಎಲ್ಲಿತ್ತು? ಗಂಟು ಇದ್ದಲ್ಲಿ ಮನಸ್ಸು. ಮನಸ್ಸು ಇದ್ದಲ್ಲಿಂದ ನೋಟ.

1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತ ಇದಕ್ಕೆ ಒಳ್ಳೆಯ ನಿದರ್ಶನ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಆತ ಚೀನಾಕ್ಕೆ ಹೊರಟಿದ್ದ. ಊರಿನ ಕಾಜಿಯೇ ಹಡಗಿಗೆ ಬಂದು ಕರೆದರೂ ಆತ ಇಳಿಯಲಿಲ್ಲ. ಅರಸನು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಿದ ಮೇಲೆಯೇ ನೆಲಕ್ಕೆ ಕಾಲಿಟ್ಟ. ಮೂರು ದಿನ ಉಪಚಾರ ಪಡೆದು ಮತ್ತೆ ಹಡಗೇರಿದ. ಅಳಿವೆಯ ವಿಸ್ತಾರ, ಪರ್ಷಿಯಾ ಯೆಮನ್‌ಗಳ ವರ್ತಕರು, ಮೆಣಸು, ಶುಂಠಿ, ಸುಮಾರು 4000 ಮುಸಲ್ಮಾನರ ವಸತಿ — ಕೆಲವೇ ಸಾಲುಗಳಲ್ಲಿ ಎಷ್ಟು ವಿವರ! ತನ್ನ ಅಂಜಿಕೆಯನ್ನೂ ಮರೆಮಾಚದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಮೂಡಬಿದಿರೆಯ ನನ್ನ ತರಗತಿಯಲ್ಲಿ ಈ ಭಾಗವನ್ನು ವಿವರಿಸಿದಾಗ ಬೆಳ್ತಂಗಡಿ ಕಡೆಯ ವಿದ್ಯಾರ್ಥಿನಿಯೊಬ್ಬಳು, “ಸರ್, ಮೆಣಸು ಬಂದರಿನಲ್ಲಿ ಬೆಳೆಯುತ್ತದೆಯೇ?” ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಹಲವು ವರ್ಷಗಳಿಂದ ಈ ಪಾಠ ಹೇಳುತ್ತಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಬತೂತನಿಗೆ ಅನ್ಯಾಯ ಮಾಡಬಾರದು. ಮಲಬಾರನ್ನು ಒಟ್ಟಾಗಿ ಬಣ್ಣಿಸುವಲ್ಲಿ ಮೆಣಸಿನ ಬಳ್ಳಿಯನ್ನೂ ಹೊರೆಯಾಳುಗಳನ್ನೂ ಆತ ಮರೆತಿಲ್ಲ. ಆದರೆ ಮಂಗಳೂರಿನ ಪುಟದಲ್ಲಿ ಬಂದರಿನ ಬೆನ್ನಿಗೆ ನಾಡೇ ಇಲ್ಲ. ಘಟ್ಟದಿಂದ ಇಳಿವ ನೇತ್ರಾವತಿ ಇಲ್ಲ. ದೋಣಿಗಳು ಮಂಗಳೂರಿನಿಂದ ಹೊಳೆಯೇರಿ ಬರುತ್ತಿದ್ದ ಬಂಟ್ವಾಳದ ಪೇಟೆಯಂಥದೊಂದು ಇಲ್ಲ. ಇದು ಲೇಖಕನ ದೋಷವೆನ್ನುವುದಕ್ಕಿಂತ ಹಡಗಿನ ದೋಷ. ಅಲ್ಲಿಂದ ಕಾಣುವುದು ಬಾಗಿಲು ಮಾತ್ರ, ಮನೆಯಲ್ಲ.

ಮನೆಯೊಳಗೆ ಬಂದವನು ಫ್ರಾನ್ಸಿಸ್ ಬುಕಾನನ್. 1801ರಲ್ಲಿ ಆತ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳನ್ನು ಹಾದುಹೋದ. 1807ರಲ್ಲಿ ಅವನ ಗ್ರಂಥ ಅಚ್ಚಾಯಿತು. ಗದ್ದೆ, ತೋಟ, ಗೇಣಿ, ತೆರಿಗೆ ಎಲ್ಲವೂ ಅಲ್ಲಿವೆ. ಆದರೆ ಕಂಪೆನಿ ಸರಕಾರ ಕಳುಹಿಸಿದ ಆತನ ಗಂಟು ಕಚೇರಿಯಲ್ಲಿತ್ತು. ಮನೆಯನ್ನು ಕಂಡರೂ ಕಂಡದ್ದು ಲೆಕ್ಕಿಗನ ಕಣ್ಣಿನಿಂದ. ಬತೂತನಲ್ಲಿ ಕುತೂಹಲವಿದೆ, ಒಳನಾಡಿಲ್ಲ. ಬುಕಾನನ್ನನಲ್ಲಿ ಒಳನಾಡಿದೆ, ಬೆರಗು ಕಡಿಮೆ. ಇವೆರಡನ್ನು ಕೂಡಿಸಿ ಓದಿದರೂ ದಡದಲ್ಲಿ ನಿಂತು ಹಡಗನ್ನು ನೋಡಿದವನ ಮಾತು ನಮಗೆ ಸಿಗುವುದಿಲ್ಲ.

ಆ ಮಾತು ಒಂದೆಡೆ ಕಲ್ಲಿನಲ್ಲಿದೆ. ನಮ್ಮೂರಿನ ಸಾವಿರ ಕಂಬದ ಬಸದಿ 1430ರಷ್ಟು ಹಿಂದಿನದು. ಅಲ್ಲಿಯ ಭೈರಾದೇವಿ ಮಂಟಪದ ಬುಡದ ಕೆತ್ತನೆಯಲ್ಲಿ ಆಫ್ರಿಕದ ಜಿರಾಫೆಯಿದೆ, ಚೀನೀ ಮಾದರಿಯ ಘಟಸರ್ಪವಿದೆ. ಮಂಗಳೂರನ್ನು ಕುರಿತ ಬತೂತನ ಪುಟಕ್ಕೆ ಒಳನಾಡು ಬರಲಿಲ್ಲ. ಒಳನಾಡಿನ ಶಿಲ್ಪಿಯ ಉಳಿಗೆ ಕಡಲಾಚೆಯ ಲೋಕ ಬಂದಿತು. ಆತ ಯಾರ ಬಾಯಿಂದ ಕೇಳಿದನೋ, ಯಾವ ಚಿತ್ರ ನೋಡಿದನೋ!

ಪರರ ಕಥನಗಳಲ್ಲಿ ನಮ್ಮ ಊರಿನ ಹೆಸರು ಕಂಡೊಡನೆ ಹಿಗ್ಗುವುದು ಸಹಜ. ಹಿಗ್ಗಿ ಸುಮ್ಮನಾದರೆ ನಾವೂ ಹಡಗಿನಲ್ಲಿಯೇ ಉಳಿದಂತೆ. ಮುಂದಿನ ವಾರ ತರಗತಿಯನ್ನು ಬಸದಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಆ ಜಿರಾಫೆಯ ಮುಂದೆ ನಿಂತು ಬತೂತನನ್ನು ಇನ್ನೊಮ್ಮೆ ಓದುತ್ತೇವೆ. ಓದುವ ಸರದಿ ಆ ಹುಡುಗಿಯದು.