ಬಿಳಿಜೋಳದ ಹಿಟ್ಟು: ಹಂಚಿಗೂ ಓವನ್ನಿಗೂ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಭೀಮಾ ತೀರದ ಎರೆಭೂಮಿಯಲ್ಲಿ, ಮಳೆಗಾಲದ ತೇವವನ್ನು ಹಿಡಿದಿಟ್ಟುಕೊಂಡ ಮಣ್ಣಿನ ಬಲದಿಂದಲೇ ಬೆಳೆದು ಬೇಸಿಗೆಯ ಹೊಸ್ತಿಲಲ್ಲಿ ಕೊಯ್ಲಿಗೆ ಬರುವ ಹಿಂಗಾರಿ ಬಿಳಿಜೋಳವು, ಮನೆಯಲ್ಲಿಯೇ ಹಿಟ್ಟು ಮಾಡಿಕೊಂಡು ಬೇಯಿಸುವವರಿಗೆ ದೊರೆಯುವ ಅತ್ಯುತ್ತಮ ಧಾನ್ಯಗಳಲ್ಲೊಂದು. ತೆನೆ ಬಲಿಯುವ ಹೊತ್ತಿನಲ್ಲಿ ಮಳೆ ಬೀಳುವುದು ವಿರಳವಾದುದರಿಂದ, ಮುಂಗಾರಿ ಜೋಳವನ್ನು ಕಪ್ಪಾಗಿಸುವ ಬೂಷ್ಟು ಇದಕ್ಕೆ ಅಷ್ಟಾಗಿ ತಗಲುವುದಿಲ್ಲ. ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಜೋಳದಿಂದ ಆಯ್ದು ಎಂ 35-1 ಎಂಬ ಹೆಸರಿನಿಂದ ಹರಡಿದ ಮಾಲದಂಡಿ ತಳಿಯ ಕಾಳಂತೂ ದಪ್ಪವಾಗಿ, ಮುತ್ತಿನಂತೆ ಹೊಳೆಯುತ್ತದೆ.

ಹಿಟ್ಟು ಮಾಡಿಕೊಳ್ಳುವ ವಿಷಯದಲ್ಲಿ ಜೋಳವನ್ನು ಓಟ್ಸಿನೊಡನೆ ಹೋಲಿಸಿ ನೋಡಬಹುದು. ಪೇಟೆಯ ಓಟ್ಸನ್ನು ಹಬೆಯಲ್ಲಿ ಬೇಯಿಸಿ ಚಪ್ಪಟೆ ಮಾಡಿರುವುದರಿಂದ, ಅದರ ಕೊಬ್ಬನ್ನು ಒಡೆದು ಕಹಿಗೊಳಿಸುವ ಕಿಣ್ವಗಳು ಮೊದಲೇ ನಿಷ್ಕ್ರಿಯಗೊಂಡಿರುತ್ತವೆ. ಮಿಕ್ಸರಿನಲ್ಲಿ ಪುಡಿ ಮಾಡಿದರೆ ಹಿಟ್ಟು ಸಿದ್ಧ. ಜೋಳ ಹಾಗಲ್ಲ. ಅದು ಹಸಿ ಕಾಳು. ಬೀಸಿದೊಡನೆ ಭ್ರೂಣಭಾಗದ ಎಣ್ಣೆ ಗಾಳಿಗೆ ತೆರೆದುಕೊಂಡು ದಿನ ಕಳೆದಂತೆ ಕಮಟುವಾಸನೆ ಹಿಡಿಯುತ್ತದೆ, ಜಿಗಿಯೂ ಇಳಿಯುತ್ತದೆ. ಆದುದರಿಂದ ಕಾಳನ್ನು ಸಂಗ್ರಹಿಸಿಟ್ಟುಕೊಂಡು, ವಾರಕ್ಕೆ ಬೇಕಾದಷ್ಟನ್ನೇ ಹಸನು ಮಾಡಿ ಗಿರಣಿಗೆ ಒಯ್ಯುವ ಪದ್ಧತಿಯೇ ಸರಿಯಾದುದು. ಗಿರಣಿಯ ಬಿಸಿ ಹಿಟ್ಟನ್ನು ಹರಡಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು; ಇಲ್ಲವಾದರೆ ಒಳಗೆ ಬೆವರು ಕಟ್ಟಿ ಗಂಟಾಗುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕುಳಿತ ಪೊಟ್ಟಣದ ಹಿಟ್ಟು ಯಾವ ಪಾಕಕ್ಕೂ ಯೋಗ್ಯವಲ್ಲ.

ಜೋಳದಲ್ಲಿ ಗ್ಲುಟೆನ್, ಅಂದರೆ ಗೋಧಿಯ ಕಣಕವನ್ನು ಹಿಗ್ಗಿಸಿ ಗಾಳಿಯನ್ನು ಹಿಡಿದಿಡುವ ಪ್ರೋಟೀನು ಜಾಲ, ಇಲ್ಲ. ಈ ಕೊರತೆಯನ್ನು ಎಸರು, ಅಂದರೆ ಕುದಿಯುವ ನೀರು, ತುಂಬುತ್ತದೆ: ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುವುದರಿಂದ, ಎಸರು ಹಾಕಿ ನಾದಿದ ಹಿಟ್ಟನ್ನು ತೆಳ್ಳಗೆ ಬಡಿದರೂ ಅಂಚು ಸೀಳುವುದಿಲ್ಲ. ರೊಟ್ಟಿ ಬಡಿಯುವ ಹೆಂಗಸರು ಕೈಯಂದಾಜಿನಲ್ಲಿ ನಡೆಸಿಕೊಂಡು ಬಂದಿರುವ ಈ ವಿದ್ಯೆಗೆ ಸಲ್ಲಬೇಕಾದ ಗೌರವ ಬಹುಕಾಲ ಸಲ್ಲಲಿಲ್ಲ. ಈಚೆಗೆ ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿಯನ್ನು ಜಿಲ್ಲಾಡಳಿತವು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿರುವುದು ಸಂತೋಷದ ಸಂಗತಿ.

ಅದೇ ಎಸರಿನ ತತ್ತ್ವ ಓವನ್ನಿನಲ್ಲಿಯೂ ನಡೆಯುತ್ತದೆ. ಕೇಕಿಗೆ ಹಿಟ್ಟಿನ ಮೂರನೆಯ ಒಂದು ಪಾಲಿಗೆ ಕುದಿನೀರು ಸುರಿದು ಮುಚ್ಚಿಟ್ಟು, ಆರಿದ ಮೇಲೆ ಉಳಿದ ಹಿಟ್ಟು, ಮೊಸರು, ಬೆಲ್ಲ, ಎಣ್ಣೆಗಳನ್ನು ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟರೆ, ಜೋಳದ ಕೇಕಿನಲ್ಲಿ ನಾಲಿಗೆಗೆ ತಾಗುವ ಮರಳುತನ ಬಹುಮಟ್ಟಿಗೆ ತಗ್ಗುತ್ತದೆ. ಉಬ್ಬಲು ಅಡುಗೆ ಸೋಡಾ, ಹಿಡಿತಕ್ಕೆ ಮೊಟ್ಟೆ ಅಥವಾ ತುಸು ಇಸಬಗೋಲಿನ ಹೊಟ್ಟು ಸಾಕು. ಬ್ರೆಡ್ಡಿಗೆ ಮಾತ್ರ ಬರಿಯ ಜೋಳ ಒಗ್ಗುವುದಿಲ್ಲ, ಗೋಧಿಯ ನೆರವು ಬೇಕು. ಬಿಸ್ಕತ್ತಿಗೆ ಗ್ಲುಟೆನ್ನಿನ ಹಂಗೇ ಇಲ್ಲದುದರಿಂದ, ತುಪ್ಪ ಬೆರೆಸಿ, ಮೇಲೆ ಎಳ್ಳು ಒತ್ತಿ, 160ರಿಂದ 170 ಡಿಗ್ರಿಯಲ್ಲಿ ಬೇಯಿಸಿದ ಜೋಳದ ಬಿಸ್ಕತ್ತು ಮೈದಾದ್ದಕ್ಕಿಂತ ಒಂದು ಕೈ ಮೇಲು. ಅದು ಓವನ್ನಿನಿಂದ ಹೊರಬರುವಾಗ ಮೆತ್ತಗಿದ್ದು ಆರಿದ ಮೇಲೆ ಗರಿಯಾಗುವುದರಿಂದ, ಅಂಚು ಕೆಂಪಾದೊಡನೆ ತೆಗೆದುಬಿಡಬೇಕು.