7 ಕೆಜಿಯ ಅಂದಚೆಂದ

ಆ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ಬಿಳಿ ಬೆಡ್‌ಶೀಟ್ ಹಾಸಿದ ಮಂಚ, ಮೇಲಿನಿಂದ ಹಿಡಿದ ಕ್ಯಾಮೆರಾ, ಬಾಯಿ ತೆರೆದ ಪುಟ್ಟ ಟ್ರಾಲಿ. ಎರಡು ಕೈ ಬರುತ್ತವೆ. ಟೀ ಶರ್ಟನ್ನು ಚಾಪೆ ಸುತ್ತಿದ ಹಾಗೆ ಸುತ್ತುತ್ತವೆ. ಒಂದು ಕಪ್ಪು ಪ್ಯಾಂಟು, ಒಂದು ಬಿಳಿ ಶರ್ಟು, ಮಣ್ಣಿನ ಬಣ್ಣದ ಒಂದು ಜಾಕೆಟ್ಟು. ಹೆಬ್ಬೆರಳಿನಷ್ಟು ಡಬ್ಬಿಗಳಲ್ಲಿ ಕ್ರೀಮು. ಜಿಪ್ ಎಳೆದ ಸದ್ದು. '7 ಕೆಜಿ, 10 ದಿನ, 20 ಲುಕ್' ಅಂತ ಅಕ್ಷರ ಮೂಡುತ್ತೆ. ಮುಗೀತು. ಅರ್ಧ ನಿಮಿಷದಲ್ಲಿ ನಮ್ಮ ಇಡೀ ಬೀರುವಿಗೆ ಅವಮಾನ ಆಗಿರುತ್ತೆ.

ಸಿನಿಮಾಕ್ಕೆ ವಿಮರ್ಶೆ ಇದೆ, ಪುಸ್ತಕಕ್ಕೆ ಇದೆ, ಹೊಸ ಹೋಟೆಲಿನ ದೋಸೆಗೂ ಇದೆ. ರಾತ್ರಿ ಮಲಗೋ ಮುಂಚೆ ಹತ್ತಾದರೂ ನೋಡೋ ಈ ಪ್ರಕಾರಕ್ಕೆ ಮಾತ್ರ ಯಾಕಿಲ್ಲ ಅಂತ ಅನ್ನಿಸಿ ಇದನ್ನು ಬರೀತಿದ್ದೀನಿ. ದ್ವೇಷದಿಂದ ಅಲ್ಲ. ಇವುಗಳಿಂದ ನನಗೆ ಉಪಕಾರವೂ ಆಗಿದೆ. ಭಾರದ ಶೂ ಕಾಲಲ್ಲೇ ಇರಲಿ, ಲಿಪ್‌ಸ್ಟಿಕ್ಕನ್ನೇ ಕೆನ್ನೆಗೂ ಒಂಚೂರು ತೀಡಬಹುದು, ಶಾಂಪೂ ಬಾಟಲಿಯ ಬದಲು ಶಾಂಪೂ ಬಾರ್ ಸಾಕು ಅಂತೆಲ್ಲ ಕಲಿತದ್ದು ಅಲ್ಲೇ. ನನ್ನ ತಕರಾರು ಆ ಉಪಾಯಗಳ ಮೇಲಲ್ಲ. ಆ ಬಿಳಿ ಬೆಡ್‌ಶೀಟಿನ ಮೇಲೆ ಏನೇನು ಕಾಣಿಸಲ್ಲ ಅನ್ನೋದರ ಮೇಲೆ.

ಮೊದಲು ಈ ಐಡಿಯಾ ಎಲ್ಲಿಂದ ಬಂತು ಅಂತ ನೋಡೋಣ. 'ಕ್ಯಾಪ್ಸೂಲ್ ವಾರ್ಡ್‌ರೋಬ್' ಅನ್ನೋ ಮಾತನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಲಂಡನ್ನಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಸೂಸಿ ಫೋ. ಕೆಲವೇ ಕೆಲವು ಒಳ್ಳೆ ಬಟ್ಟೆ ಇಟ್ಟುಕೊಂಡು ಅವನ್ನೇ ಅದಲುಬದಲು ಮಾಡಿ ಹಾಕೋದು. 1985ರಲ್ಲಿ ನ್ಯೂಯಾರ್ಕಿನ ಡೊನ್ನಾ ಕರನ್ ಅದನ್ನೇ 'ಸೆವೆನ್ ಈಸಿ ಪೀಸಸ್' ಅಂತ ಏಳು ಬಟ್ಟೆಗಳ ಸೆಟ್ ಮಾಡಿದರು. ಆಗಿನ ಕಾಲಕ್ಕೆ ಇದು ನಿಜಕ್ಕೂ ದೊಡ್ಡ ಸಹಾಯ. ಗಂಡಸರ ಆಫೀಸಿಗೆ ಹೊಸದಾಗಿ ಕಾಲಿಟ್ಟ ಹೆಂಗಸರಿಗೆ ಬೆಳಿಗ್ಗೆ ಎದ್ದು 'ಇವತ್ತೇನು ಹಾಕ್ಕೊಳ್ಳಲಿ' ಅಂತ ತಲೆ ಕೆಡಿಸಿಕೊಳ್ಳೋ ಕೆಲಸ ತಪ್ಪಿತು.

ಆದರೆ ಅದು ಲಂಡನ್ನಿನ, ನ್ಯೂಯಾರ್ಕಿನ ಹವೆಗೆ, ಅಲ್ಲಿನ ಆಫೀಸಿಗೆ ಹುಟ್ಟಿದ ಲೆಕ್ಕ. ಕಪ್ಪು, ಬೂದಿ, ಮಣ್ಣು ಬಣ್ಣ ಅಲ್ಲಿ ಒಂದಕ್ಕೊಂದು ಹೊಂದುತ್ತವೆ. ಚಳಿಯಲ್ಲಿ ಒಂದು ಉಣ್ಣೆ ಸ್ವೆಟರನ್ನು ಒಗೆಯದೆ ನಾಲ್ಕು ದಿನ ಹಾಕಬಹುದು. ಮೇ ತಿಂಗಳಲ್ಲಿ ಮಂಗಳೂರಿಗೆ ಹೋಗಿ ಅದೇ ಬಿಳಿ ಶರ್ಟನ್ನು ಎರಡನೇ ದಿನ ಹಾಕಿ ನೋಡಿ, ಗೊತ್ತಾಗುತ್ತೆ. 10 ದಿನಕ್ಕೆ 3 ಮೇಲಂಗಿ ಅನ್ನೋ ಲೆಕ್ಕದಲ್ಲಿ ಬೆವರಿಗೆ ಜಾಗವೇ ಇಲ್ಲ.

ಮೈಗೂ ಜಾಗ ಇಲ್ಲ. ಆ ಸುರುಳಿ ಸುತ್ತಿದ ಬಟ್ಟೆಗಳೆಲ್ಲ ಅತಿ ಚಿಕ್ಕ ಸೈಜಿನವು. ಡಬಲ್ ಎಕ್ಸೆಲ್ ಕುರ್ತಾ ಅದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತೆ, ಹೆಚ್ಚು ತೂಗುತ್ತೆ. ಪಾಪ, ಅದು ಅದರ ತಪ್ಪಲ್ಲ. ಗುಂಗುರು ಕೂದಲಿಗೆ ಬೇಕಾದಷ್ಟು ಕಂಡೀಷನರ್ ಹೆಬ್ಬೆರಳಿನಷ್ಟು ಡಬ್ಬಿಯಲ್ಲಿ ಹಿಡಿಯಲ್ಲ. ಸನ್‌ಸ್ಕ್ರೀನನ್ನು ಬಿಸಿಲಲ್ಲಿ ಓಡಾಡುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬಟಾಣಿಯಷ್ಟಲ್ಲ, ಎರಡು ಬೆರಳಿನ ಉದ್ದದಷ್ಟು. ಕಾಂಟ್ಯಾಕ್ಟ್ ಲೆನ್ಸ್ ದ್ರಾವಣವನ್ನು ಚಿಕ್ಕ ಬಾಟಲಿಗೆ ಸುರಿದಿಡೋದನ್ನು ಒಂದು ವಿಡಿಯೋದಲ್ಲಿ ನೋಡಿದೆ. ದಯವಿಟ್ಟು ಮಾಡಬೇಡಿ. ಬೇರೆ ಬಾಟಲಿಗೆ ಸುರಿದ ಕ್ಷಣ ಅದು ಕ್ರಿಮಿರಹಿತವಾಗಿ ಉಳಿದಿರುತ್ತೆ ಅನ್ನೋ ಭರವಸೆ ಹೋಯ್ತು. 50 ಗ್ರಾಂ ಉಳಿಸೋಕೆ ಹೋಗಿ ಕಣ್ಣು ಪಣಕ್ಕಿಡೋದು ಯಾವ ಸೀಮೆಯ ಜಾಣತನ?

ಕಳೆದ ಸಲ ಹೊರಡೋ ಮುಂಚೆ ಅಡುಗೆಮನೆಯ ತಕ್ಕಡಿ ತಂದು ಒಂದೊಂದನ್ನೇ ತೂಗಿದೆ. ದೆಹಲಿಯಲ್ಲಿ ಮೂರು ದಿನ ಆಫೀಸ್ ಕೆಲಸ, ಅಲ್ಲಿಂದ ನೇರ ಧಾರವಾಡಕ್ಕೆ, ಕಾಕುನ ಮನೆ ಗೃಹಪ್ರವೇಶಕ್ಕೆ. ಕ್ಯಾಬಿನ್ ಬ್ಯಾಗು 7 ಕೆಜಿ. ಖಾಲಿ ಟ್ರಾಲಿಯೇ 2.7 ಕೆಜಿ ತೂಗಿತು. ಉಳಿದ 4.3 ಕೆಜಿಯಲ್ಲಿ ಆಫೀಸು, ಗೃಹಪ್ರವೇಶ ಎರಡೂ ಹಿಡಿಯಬೇಕು. ಬಾತ್‌ರೂಮಿನ ಪೌಚು 1.2 ಕೆಜಿ ಬಂತು. ಗಾಬರಿಯಾಗಿ ಎಲ್ಲ ಹೊರಗೆ ಸುರಿದೆ. ಸನ್‌ಸ್ಕ್ರೀನು, ಲೆನ್ಸ್ ದ್ರಾವಣ, ಕಂಡೀಷನರು, ಪ್ಯಾಡುಗಳು, ಮಾತ್ರೆ, ಬಾಚಣಿಗೆ, ಸೇಫ್ಟಿ ಪಿನ್ನು, ಬಿಂದಿ. ಇದರಲ್ಲಿ 'ಬ್ಯೂಟಿ' ಅಂತ ಜನ ನಗಾಡೋ ಕಾಡಿಗೆ, ಲಿಪ್‌ಸ್ಟಿಕ್ಕು ಎರಡೂ ಸೇರಿ 30 ಗ್ರಾಂ ಕೂಡ ಇರಲಿಲ್ಲ! 'ಹೆಂಗಸರ ಬ್ಯಾಗ್ ತುಂಬಾ ಮೇಕಪ್ಪು' ಅನ್ನೋ ಜೋಕು ಇದೆಯಲ್ಲ, ಅದನ್ನು ಮಾಡೋರು ಒಂದು ಸಲ ತಕ್ಕಡಿ ಹಿಡೀಬೇಕು.

ಆ ಡಬ್ಬಿಗಳ ಕತೆಯೂ ಕೇಳೋ ಹಾಗಿದೆ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಅಮೆರಿಕ ಕಡೆ ಹೊರಡೋ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸೋ ಸಂಚು ಬಯಲಾಯಿತು. ಅದಾದ ಮೇಲೆ ಬಂದದ್ದು 100 ಎಂ.ಎಲ್. ನಿಯಮ. ಲೆಕ್ಕ ಡಬ್ಬಿಯ ಸೈಜಿನದ್ದು, ಒಳಗಿರೋದರದ್ದಲ್ಲ. ಆ ನಿಯಮ ಇರೋ ಕಡೆ 150 ಎಂ.ಎಲ್. ಬಾಟಲಿಯ ತಳದಲ್ಲಿ ಒಂದು ಚಮಚ ಉಳಿದಿದ್ದರೂ ಅದು ಕಸದ ಬುಟ್ಟಿಗೇ. ಭದ್ರತೆಗೆ ಹುಟ್ಟಿದ ನಿಯಮ ಈಗ 'ಟ್ರಾವೆಲ್ ಸೈಜ್' ಅನ್ನೋ ಹೆಸರಲ್ಲಿ ಅಂಗಡಿಯ ಒಂದು ಇಡೀ ಕಪಾಟು ಆಗಿದೆ.

ನಮ್ಮಲ್ಲಿ ಆ ಕಪಾಟು ಅದಕ್ಕೂ ಮುಂಚೆಯೇ ಇತ್ತು. ಕಿರಾಣಿ ಅಂಗಡಿಯ ಬಾಗಿಲಿಗೆ ತೋರಣದ ಹಾಗೆ ನೇತಾಡ್ತಿತ್ತು. ಶಾಂಪೂ ಸ್ಯಾಶೆಯನ್ನು ಮನೆಮಾತು ಮಾಡಿದ್ದು ತಮಿಳುನಾಡಿನ ಕಡಲೂರು. ಅಲ್ಲಿನ ಚಿನ್ನಿ ಕೃಷ್ಣನ್ ಆ ಪ್ರಯೋಗ ಶುರು ಮಾಡಿದವರು, ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ತಂದರು. ಬಾಟಲಿ ಕೊಳ್ಳೋಕೆ ಒಟ್ಟಿಗೆ ದುಡ್ಡು ಇಲ್ಲದ ದಿನಗೂಲಿಯವರೂ ಶಾಂಪೂ ಹಾಕ್ಕೊಳ್ಳಲಿ ಅನ್ನೋದು ಆ ಲೆಕ್ಕ. ಇವತ್ತು ನಾವು ಒಂದು ಮಾಲೆ ಕಿತ್ತು ಟ್ರಾಲಿಗೆ ಹಾಕ್ಕೊಂಡು 'ಟ್ರಾವೆಲ್ ಹ್ಯಾಕ್' ಅಂತೀವಿ. ಪದರ ಪದರದ ಆ ಪ್ಲಾಸ್ಟಿಕ್ಕನ್ನು ಮರುಬಳಕೆ ಮಾಡೋದು ಬಲು ಕಷ್ಟ. ಗೋಕರ್ಣದ್ದೋ ಕೊಡಗಿನದ್ದೋ ಹೋಮ್‌ಸ್ಟೇ ಬಚ್ಚಲಲ್ಲಿ ಬಿಟ್ಟು ಬಂದರೆ ನಮ್ಮ ಬ್ಯಾಗೇನೋ ಹಗುರ. ಆ ಊರಿಗೆ?

ಇಲ್ಲಿಂದ ನನಗೆ ಒಂದು ಮಾತು ಹೊಳೆಯಿತು. ತೂಕ ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ. ಆ ವಿಡಿಯೋದ ಹುಡುಗಿಗೆ ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರು, ಟವೆಲು, ಚಪ್ಪಲಿ ಯಾವುದೂ ಬೇಡ, ಯಾಕೆಂದರೆ ಅವೆಲ್ಲ ಅವಳು ಇಳಿಯೋ ಹೋಟೆಲಿನಲ್ಲಿವೆ. ಮೂರೇ ಶರ್ಟು ಸಾಕು, ಯಾಕೆಂದರೆ ಒಗೆಯೋಕೆ ಲಾಂಡ್ರಿ ಇದೆ. ಮರೆತದ್ದನ್ನು ಇಳಿದ ಊರಲ್ಲಿ ಕೊಳ್ಳೋಕೆ ಕಾರ್ಡಿದೆ. ಅದು ಹಗುರ ಅಲ್ಲ, ದುಡ್ಡು. ದುಡ್ಡಿನ ತೂಕ ತಕ್ಕಡಿಯಲ್ಲಿ ಕಾಣಿಸಲ್ಲ ಅಷ್ಟೇ. ರಾತ್ರಿ ಬಸ್ಸಿಗೆ ಎರಡು ಚೀಲ, ಒಂದು ವೈರ್ ಬುಟ್ಟಿ ಹಿಡಿದು ಬರೋ ಹೆಂಗಸನ್ನು ನೋಡಿ 'ಎಷ್ಟೊಂದು ಹೊತ್ಕೊಂಡು ಬರ್ತಾರಪ್ಪ' ಅಂದುಕೊಳ್ಳೋ ಮುಂಚೆ ಇದು ನೆನಪಿರಲಿ. ದಾರಿಯಲ್ಲಿ ಕೊಂಡರೆ ದುಬಾರಿ ಅಂತ ಆಕೆ ಹೊತ್ತಿದ್ದಾಳೆ.

ಇನ್ನೊಂದು ಲೆಕ್ಕ ಇದೆ, ಅದು ಎಲ್ಲಕ್ಕಿಂತ ಭಾರ. ದೆಹಲಿಗೆ ನನ್ನ ಜೊತೆ ಬಂದ ಟೀಮಿನ ಹುಡುಗ ಎರಡು ಶರ್ಟು, ಒಂದು ಜೀನ್ಸು ಬ್ಯಾಕ್‌ಪ್ಯಾಕಿಗೆ ತುರುಕಿಕೊಂಡಿದ್ದ. ಮೊದಲ ದಿನದ ನೀಲಿ ಶರ್ಟು ಮೂರನೇ ದಿನ ಮತ್ತೆ ಬಂತು. ಯಾರೂ ಕೇಳಲಿಲ್ಲ. ಎರಡನೇ ದಿನ ಹೊತ್ತಾಯಿತು ಅಂತ ನಾನು ಕಾಡಿಗೆ ಹಚ್ಚದೆ ಮೀಟಿಂಗಿಗೆ ಓಡಿದೆ. ಮಧ್ಯಾಹ್ನದೊಳಗೆ ಮೂರು ಜನ, 'ಹುಷಾರಿಲ್ವಾ?' ಕೇಳಿದರು. ಕಾಳಜಿಯಿಂದಲೇ ಕೇಳಿದರು, ಸುಳ್ಳು ಹೇಳಲ್ಲ. ಆದರೆ ಪ್ರೆಸೆಂಟೇಷನ್ ಹೇಗಿತ್ತು ಅಂತ ಹೇಳಿದವರು ಒಬ್ಬರೇ.

ಆಸ್ಟ್ರೇಲಿಯಾದ ಟಿವಿ ನಿರೂಪಕ ಕಾರ್ಲ್ ಸ್ಟೆಫಾನೊವಿಕ್ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದ್ದರು. ಒಂದು ವರ್ಷ ಹೆಚ್ಚುಕಡಿಮೆ ದಿನಾ ಅದೇ ನೀಲಿ ಸೂಟು ಹಾಕಿ ಬೆಳಗಿನ ಕಾರ್ಯಕ್ರಮ ನಡೆಸಿದರು. 2014ರಲ್ಲಿ ಅವರೇ ಬಾಯಿಬಿಡೋ ತನಕ ನೋಡುಗರ ಗಮನಕ್ಕೇ ಬಂದಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಸಹನಿರೂಪಕಿ ಲೀಸಾ ವಿಲ್ಕಿನ್ಸನ್‌ಗೆ ಮಾತ್ರ ಬಟ್ಟೆಯ ಬಗ್ಗೆ ಬುದ್ಧಿಮಾತುಗಳು ಬರುತ್ತಲೇ ಇದ್ದವು. ಅದನ್ನು ನೋಡಿಯೇ ಅವರು ಈ ಪ್ರಯೋಗಕ್ಕೆ ಇಳಿದದ್ದು.

'ಕಡಿಮೆ ತಗೊಂಡು ಹೋಗಿ, ಯಾರೂ ನೋಡಲ್ಲ' ಅನ್ನೋ ವಿಡಿಯೋಗಳು ಇದನ್ನು ಮರೆಮಾಚುತ್ತವೆ. ನೋಡ್ತಾರೆ. ನಮ್ಮ ಬ್ಯಾಗಿನ ತೂಕದಲ್ಲಿ ನಮ್ಮ ಆಸೆ ಸ್ವಲ್ಪ, ನಾವು ಉತ್ತರ ಕೊಡಬೇಕಾದ ಜನ ಜಾಸ್ತಿ. ಬಾಸಿಗೊಂದು ಬಟ್ಟೆ, ಕ್ಲೈಂಟಿಗೊಂದು, ಅತ್ತೆಮನೆಗೊಂದು, ದೇವಸ್ಥಾನಕ್ಕೊಂದು, ರಾತ್ರಿ ಒಬ್ಬಳೇ ಕ್ಯಾಬಿನಲ್ಲಿ ಬರುವಾಗ ಹೊದೆಯೋಕೊಂದು ವೇಲು. ಇವರನ್ನೆಲ್ಲ ಹಾಗೇ ಇಟ್ಟು ಬ್ಯಾಗ್ ಮಾತ್ರ ಚಿಕ್ಕದು ಮಾಡು ಅಂದರೆ ಹೊಸ ಶಿಸ್ತೊಂದನ್ನು ಹಳೆಯದರ ಮೇಲೆ ಹೇರಿದ ಹಾಗೆ. ಚೆನ್ನಾಗಿಯೂ ಕಾಣಬೇಕು, ಚೆನ್ನಾಗಿ ಕಾಣೋಕೆ ಕಷ್ಟಪಟ್ಟದ್ದು ಕಾಣಲೂ ಬಾರದು.

ಧಾರವಾಡಕ್ಕೆ ಹೋದಾಗ ನನ್ನ ಹತ್ತಿರ ಉಳಿದದ್ದು ಒಗೆಯದ ಎರಡು ಜೊತೆ ಆಫೀಸ್ ಬಟ್ಟೆ, ಸುಕ್ಕಾದ ಒಂದು ಹತ್ತಿ ಕುರ್ತಾ. ಸೀರೆ, ರವಿಕೆ, ಒಳಲಂಗ ಸೇರಿ 800 ಗ್ರಾಂ ಆಗುತ್ತೆ ಅಂತ ಬೆಂಗಳೂರಲ್ಲೇ ತೆಗೆದಿಟ್ಟು ಬಂದಿದ್ದೆ. ಕಾಕು ಬಾಗಿಲಲ್ಲೇ ನಿಲ್ಲಿಸಿ ನೋಡಿದಳು. 'ಇದೇನವಾ, ಆಫೀಸಿಗೆ ಬಂದಾಂಗ ಬಂದೀ? ಕೊಳ್ಳಾಗೂ ಏನಿಲ್ಲ, ತಲಿಗೆ ಎಣ್ಣಿ ಇಲ್ಲ.' ನನ್ನ ಹಗುರ ಬ್ಯಾಗಿನ ಹೆಮ್ಮೆ ಅಲ್ಲೇ ಇಳೀತು. ಆಮೇಲೆ ಕಾಕು ಟ್ರಂಕು ತೆಗೆದು ಒಂದು ಇಳಕಲ್ ಸೀರೆ ಕೊಟ್ಟಳು. ಕೆಂಪು ಸೆರಗು, ಅದನ್ನು ಒಡಲಿಗೆ ಕೊಂಡಿ ಹಾಕಿ ಜೋಡಿಸೋ ಆ ಊರಿನದ್ದೇ ನೇಯ್ಗೆ. ತಂಗಿಯ ರವಿಕೆಗೆ ಎರಡು ಪಿನ್ನು ಚುಚ್ಚಿ ಸರಿ ಮಾಡಿದ್ದಾಯಿತು. ಹೂವು ಅವರ ಅಂಗಳದ್ದು, ಎಣ್ಣೆ ಅವರ ಬಾಟಲಿಯದು. ಪೂಜೆ ಹೊತ್ತಿಗೆ ನಾನು ಮನೆಮಗಳ ಹಾಗೇ ಕಾಣ್ತಿದ್ದೆ.

ಆಗ ನೆನಪಾಯಿತು, ಅಮ್ಮ ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಕಟ್ಟಿಕೊಂಡು ಒಂದೇ ಏರ್‌ಬ್ಯಾಗಿನಲ್ಲಿ ತಿಂಗಳುಗಟ್ಟಲೆ ಊರೂರು ಸುತ್ತುತ್ತಿದ್ದಳು. ಯಾವ ಮನೆಗೆ ಹೋದರೂ ಅಲ್ಲಿನ ಸೀರೆ, ಅಲ್ಲಿನ ಬಾಚಣಿಗೆ. ಸೀರೆಗೆ ಸೈಜಿಲ್ಲ, ಒಬ್ಬರದ್ದು ಇನ್ನೊಬ್ಬರಿಗೆ ಆಗುತ್ತೆ. ಇದನ್ನು ಬರೀ ಸವಿನೆನಪು ಮಾಡಿ ಮುಗಿಸೋಕೆ ಮನಸ್ಸಿಲ್ಲ. ಕಾಕುನ ಸೀರೆಯ ಜೊತೆ ಕಾಕುನ ಮಾತೂ ಬಂತು. ಮದುವೆ ಯಾವಾಗ, ಕೂದಲು ಯಾಕೆ ಕತ್ತರಿಸಿದೆ, ಸಂಬಳ ಎಷ್ಟು. ಬೇರೆಯವರ ಟ್ರಂಕಿನಿಂದ ಉಡೋರು ಅವರ ಲೆಕ್ಕವನ್ನೂ ಉಡಬೇಕು. ನನಗೆ ಅದು ಎರಡು ದಿನದ ಮುಜುಗರ. ಬೇರೆ ದಾರಿಯೇ ಇಲ್ಲದೆ ಕೊಟ್ಟದ್ದನ್ನು ಉಟ್ಟು ತಲೆತಗ್ಗಿಸಿ ನಿಂತ ಹೆಂಗಸರು ಎಲ್ಲರ ಮನೆಯಲ್ಲೂ ಇದ್ದರು. ನಮ್ಮದೇ ಬ್ಯಾಗು, ನಮ್ಮದೇ ಬಟ್ಟೆ ಅನ್ನೋದು ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಆ ವಿಡಿಯೋ ನೋಡಿ, ಸುತ್ತೋದು ಕಲೀರಿ. ಆದರೆ ಜಿಪ್ ಹಾಕೋ ಮುಂಚೆ ಒಂದೊಂದು ವಸ್ತು ಕೈಗೆತ್ತಿಕೊಂಡು 'ಇದು ಯಾರಿಗೋಸ್ಕರ?' ಅಂತ ಕೇಳಿ. ಮೈಗೋಸ್ಕರ ಇದ್ದದ್ದನ್ನು ತೂಕ ನೋಡದೆ ಇಡಿ. ನಿಮಗೆ ಖುಷಿ ಕೊಡೋದನ್ನೂ ಇಡಿ, 30 ಗ್ರಾಂಗೆ ಯಾರಿಗೂ ವಿವರಣೆ ಕೊಡಬೇಕಿಲ್ಲ. ಬೇರೆಯವರಿಗೋಸ್ಕರ ಇಟ್ಟದ್ದರಲ್ಲಿ ಒಂದನ್ನಾದರೂ ಈ ಸಲ ಮನೆಯಲ್ಲೇ ಬಿಡಿ. ಏನಾಗುತ್ತೋ ನೋಡೋಣ. ನಾನು ಮುಂದಿನ ಸಲ ಒಂದೇ ಕುರ್ತಾವನ್ನು ಎರಡು ದಿನ ಮೀಟಿಂಗಿಗೆ ಹಾಕೋದು ಅಂತ ತೀರ್ಮಾನ ಮಾಡಿದ್ದೀನಿ. ಲೆನ್ಸ್ ದ್ರಾವಣ ಮಾತ್ರ ಇಡೀ ಬಾಟಲಿಯೇ ಬರುತ್ತೆ.

ಹೊರಡುವಾಗ ಕಾಕು ಉಡಿ ತುಂಬಿದಳು. ಅಕ್ಕಿ, ಕುಪ್ಪಸದ ಕಣ, ತೆಂಗಿನಕಾಯಿ. ವಿಮಾನದ ಕ್ಯಾಬಿನ್ ಬ್ಯಾಗಿನಲ್ಲಿ ತೆಂಗಿನಕಾಯಿಗೆ ಪ್ರವೇಶ ಇಲ್ಲ. ಶಬರಿಮಲೆ ಯಾತ್ರಿಗಳ ಇರುಮುಡಿಗೆ 2024ರಲ್ಲಿ ಒಂದು ಹಂಗಾಮಿನ ಮಟ್ಟಿಗೆ ವಿನಾಯಿತಿ ಕೊಟ್ಟಿದ್ದರು, ಉಡಿಯ ಕಾಯಿಗೆ ಯಾರೂ ಕೇಳಿದ ಹಾಗಿಲ್ಲ. ನಾನು ಬೆಂಗಳೂರಿಗೆ ರೈಲು ಹತ್ತಿದೆ. ಚೇರ್ ಕಾರಿನಲ್ಲಿ 40 ಕೆಜಿ ತನಕ ಬಿಟ್ಟಿ. ಕಾಯಿ, ಕಣ, ವಾಪಸ್ ಕೊಡಲು ಹೋದರೆ ಬೈಸಿಕೊಂಡು ಉಳಿಸಿಕೊಂಡ ಆ ಇಳಕಲ್ ಸೀರೆ, ಒಂದು ಡಬ್ಬಿ ಫೇಡೆ ಎಲ್ಲ ಸೇರಿ ಎಷ್ಟಾಯಿತೋ ಗೊತ್ತಿಲ್ಲ. ಯಾರೂ ತೂಗಲಿಲ್ಲ.